ಪಾಲಿಸಿ ನಿಂತ ಮೇಲೆ ರೋಗಿಯ ಪತ್ರ ಬಂದರೆ

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ 10 ಹಾಸಿಗೆಯ ನರ್ಸಿಂಗ್ ಹೋಮ್. ನಾನೂ ಪತ್ನಿಯೂ ವೈದ್ಯರು, ಸಿಬ್ಬಂದಿ 13 ಮಂದಿ, ಶನಿವಾರಗಳಂದು ಮಂಗಳೂರಿನಿಂದ ಸರ್ಜನ್ ಬರುತ್ತಾರೆ. 14 ತಿಂಗಳ ಹಿಂದೆ ಇಲ್ಲಿ ಹರ್ನಿಯಾ ಆಪರೇಶನ್ ಮಾಡಿಸಿಕೊಂಡ, ಗಡಿಯಾಚೆ ಕರ್ನಾಟಕದ ವಿಟ್ಲ ಕಡೆಯ ರೋಗಿಯೊಬ್ಬರಿಗೆ ಗಾಯ ಕೀವಾಗಿ, ಮಂಗಳೂರಿನಲ್ಲಿ ಮತ್ತೊಮ್ಮೆ ಆಪರೇಶನ್ ಆಯಿತಂತೆ. ಕೇಸ್ ಶೀಟ್ ಕೊಡಿ ಎಂದು ಕಳೆದ ವಾರ ಅವರ ಪತ್ರ ಬಂದಿದೆ. ನಮ್ಮ ಇಂಡೆಮ್ನಿಟಿ ಪಾಲಿಸಿ (ಚಿಕಿತ್ಸೆಯ ತಪ್ಪಿಗೆ ಪರಿಹಾರ ಕೊಡಬೇಕಾಗಿ ಬಂದರೆ ಭರಿಸುವ ವಿಮೆ) 4 ವರ್ಷ ಇತ್ತು. 8 ತಿಂಗಳ ಹಿಂದೆ ನವೀಕರಣ ತಪ್ಪಿತು. ಈಗ ಏಜೆಂಟರೊಬ್ಬರು 1 ಕೋಟಿಯ ಹೊಸ ಪಾಲಿಸಿಯನ್ನು ಅಗ್ಗದಲ್ಲಿ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ಅದು ಸಾಕೇ? ಸಿಬ್ಬಂದಿಗೆ ಸೂಜಿ ಚುಚ್ಚಿದರೆ, ಗಲಾಟೆಯಾದರೆ ಯಾವ ವಿಮೆ ಬೇಕು?

ಉತ್ತರ: ಡಾಕ್ಟ್ರೇ, ಪಾಲಿಸಿಯ ಮಾತು ಆಮೇಲೆ. ಮೊದಲು ಆ ಪತ್ರಕ್ಕೆ ಉತ್ತರ ಹೋಗಬೇಕು.

ರೋಗಿಯಾಗಲಿ ಅವರ ಅಧಿಕೃತ ಪ್ರತಿನಿಧಿಯಾಗಲಿ ದಾಖಲೆ ಕೇಳಿದರೆ 72 ಗಂಟೆಗಳ ಒಳಗೆ ಕೊಡಬೇಕು ಎಂದು ವೈದ್ಯಕೀಯ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. ನಿಮ್ಮಲ್ಲಿ ಆ ಗಡುವು ದಾಟಿರುವಂತಿದೆ. ಇವತ್ತೇ ಕೊಟ್ಟುಬಿಡಿ. ಮೂಲ ಕಡತ ನಿಮ್ಮಲ್ಲೇ ಇರಲಿ. ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ, ಪೂರ್ತಿ ಕಡತದ ಜೆರಾಕ್ಸ್ ತೆಗೆದು, ಎಷ್ಟು ಪುಟ ಕೊಟ್ಟಿದ್ದೀರೆಂದು ಮುಖಪತ್ರದಲ್ಲಿ ಬರೆದು, ತಲುಪಿದ್ದಕ್ಕೆ ಸಹಿ ಪಡೆಯಿರಿ. ಅಂಚೆಯಲ್ಲಿ ಕಳಿಸುವುದಾದರೆ ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ. ಡಿಸ್ಚಾರ್ಜ್ ಸಮರಿ ಒಂದನ್ನೇ ಕೊಟ್ಟು ಕೈತೊಳೆದುಕೊಳ್ಳಬೇಡಿ. ಒಪ್ಪಿಗೆ ಪತ್ರ, ಅರಿವಳಿಕೆಯ ದಾಖಲೆ, ಆಪರೇಶನ್ ನೋಟ್ಸ್, ನರ್ಸ್‌ಗಳ ಚಾರ್ಟ್, ಮದ್ದಿನ ಚಾರ್ಟ್, ಲ್ಯಾಬ್ ವರದಿ, ಬಿಲ್ಲು ಎಲ್ಲವೂ ಆ ಕಟ್ಟಿನಲ್ಲಿರಲಿ.

ಈ ಹಂತದಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಕಡತ 'ಸರಿಪಡಿಸುವುದು'. ಬಿಟ್ಟುಹೋದ ಒಂದು ಸಾಲನ್ನು ಹಳೆಯ ದಿನಾಂಕದಲ್ಲಿ ಸೇರಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಮಂಗಳೂರಿನ ಆಸ್ಪತ್ರೆಗೆ ರೋಗಿ ಹೋಗುವಾಗ ನಿಮ್ಮ ಕಾಗದಗಳ ಫೋಟೋ ಅವರ ಫೋನಿನಲ್ಲಿ ಆಗಲೇ ಇದ್ದಿರಬಹುದು. ಎರಡು ಪ್ರತಿಗಳು ಹೊಂದದಿದ್ದರೆ, ಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿದ್ದರೂ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ವಿಮಾ ಕಂಪನಿಯೂ ಕೈಬಿಡುತ್ತದೆ. ಏನಾದರೂ ಹೇಳಲೇಬೇಕಿದ್ದರೆ ಬೇರೆ ಹಾಳೆಯಲ್ಲಿ, ಇವತ್ತಿನ ದಿನಾಂಕ ಹಾಕಿ, ನೆನಪಿನಿಂದ ಬರೆದದ್ದೆಂದು ಸ್ಪಷ್ಟವಾಗಿ ನಮೂದಿಸಿ ಇಡಿ. ಕೇಸ್ ಶೀಟಿನೊಳಗೆ ಕೈಹಾಕಬೇಡಿ.

ಗಾಯ ಕೀವಾದ ಪ್ರಕರಣವಾದ್ದರಿಂದ ಕೇಸ್ ಶೀಟಿನ ಹೊರಗಿನ ಮೂರು ಪುಸ್ತಕಗಳನ್ನೂ ಇಂದೇ ಬೀಗದಲ್ಲಿಡಿ: ಆಪರೇಶನ್ ಥಿಯೇಟರಿನ ರಿಜಿಸ್ಟರ್, ಆಟೋಕ್ಲೇವ್ (ಸಾಮಾನನ್ನು ಹಬೆಯಿಂದ ಸೋಂಕುರಹಿತ ಮಾಡುವ ಯಂತ್ರ) ರಿಜಿಸ್ಟರ್, ಸೋಂಕು ನಿಯಂತ್ರಣದ ಪುಸ್ತಕ. ಆಪರೇಶನ್ ಆದಮೇಲೆ ಸೋಂಕು ತಗಲುವುದೇ ನಿರ್ಲಕ್ಷ್ಯವಲ್ಲ. ತಗಲದಂತೆ ಏನು ಮಾಡಿದ್ದಿರಿ ಎಂಬುದಕ್ಕೆ ಸಾಕ್ಷಿ ಇಲ್ಲದಿರುವುದು ನಿರ್ಲಕ್ಷ್ಯದಂತೆ ಕಾಣುತ್ತದೆ. ಆ ದಿನದ ಸಾಮಾನು 121 ಡಿಗ್ರಿಯಲ್ಲಿ ಎಷ್ಟು ನಿಮಿಷ ಇತ್ತು, ಪ್ಯಾಕಿನೊಳಗಿನ ಇಂಡಿಕೇಟರ್ ಪಟ್ಟಿ ಬಣ್ಣ ಬದಲಿಸಿತ್ತೇ, ಯಂತ್ರ ರೋಗಾಣುಗಳನ್ನು ನಿಜಕ್ಕೂ ಕೊಲ್ಲುತ್ತಿದೆಯೇ ಎಂದು ನೋಡುವ ಆ ವಾರದ ಸ್ಪೋರ್ ಪರೀಕ್ಷೆಯ ಫಲಿತಾಂಶವೇನು, ಆ್ಯಂಟಿಬಯಾಟಿಕ್ ಕೊಟ್ಟದ್ದು ಎಷ್ಟು ಗಂಟೆಗೆ ಎಂಬುದನ್ನು ನೋಡಿ. ಹೆಚ್ಚಿನ ಆ್ಯಂಟಿಬಯಾಟಿಕ್‌ಗಳನ್ನು ಚರ್ಮ ಕೊಯ್ಯುವ ಮುಂಚಿನ 60 ನಿಮಿಷಗಳೊಳಗೆ ಕೊಡಬೇಕೆಂಬುದು ಒಪ್ಪಿತ ಕ್ರಮ. 'ಕೊಡಲಾಗಿದೆ' ಎಂದಷ್ಟೇ ಬರೆದು ಸಮಯ ಬರೆಯದಿದ್ದರೆ ಅದರಿಂದ ಅರ್ಧ ಪ್ರಯೋಜನವೂ ಇಲ್ಲ.

ರೋಗಿಯೊಡನೆ ಮಾತಾಡಬಹುದೇ? ಧಾರಾಳವಾಗಿ. ಹೇಗಿದ್ದೀರಿ, ಗಾಯ ಒಣಗಿತೇ ಎಂದು ವಿಚಾರಿಸಿದರೆ ತಪ್ಪೊಪ್ಪಿದಂತಾಗುವುದಿಲ್ಲ. ಆಸ್ಪತ್ರೆಯವರು ಬಾಯಿ ಮುಚ್ಚಿ ಕೂತಾಗಲೇ ಅನೇಕರು ವಕೀಲರ ಮೆಟ್ಟಿಲು ಹತ್ತುವುದು. ಆದರೆ 'ನಮ್ಮದೇ ತಪ್ಪು' ಎಂದು ಬರೆದುಕೊಡುವುದಾಗಲಿ, ಇಷ್ಟು ಹಣ ಕೊಡುತ್ತೇವೆಂದು ಮಾತು ಕೊಡುವುದಾಗಲಿ ಬೇಡ. ವಿಮಾ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ರಾಜಿ ಮಾಡಿಕೊಳ್ಳಬಾರದು ಎಂಬ ಶರತ್ತು ಇಂಥ ಪಾಲಿಸಿಗಳಲ್ಲಿ ಇದ್ದೇ ಇರುತ್ತದೆ. ನಿಮ್ಮ ಪಾಲಿಸಿ ನಿಂತಿದ್ದರೂ ಸರ್ಜನ್‌ರ ಪಾಲಿಸಿ ಜೀವಂತವಿರಬಹುದು. ನೀವು ಬರೆದುಕೊಟ್ಟದ್ದು ಅವರ ರಕ್ಷಣೆಗೂ ಕುತ್ತು ತರಬಹುದು.

ಈಗ ಪಾಲಿಸಿಗೆ ಬರೋಣ. ವೈದ್ಯರ ಇಂಡೆಮ್ನಿಟಿ ಪಾಲಿಸಿ ವಾಹನ ವಿಮೆಯ ಹಾಗಲ್ಲ. ಅಪಘಾತವಾದ ದಿನ ಪಾಲಿಸಿ ಇತ್ತೇ ಎಂದು ವಾಹನ ವಿಮೆ ಕೇಳುತ್ತದೆ. ಇದು ಎರಡು ಪ್ರಶ್ನೆ ಕೇಳುತ್ತದೆ. ಚಿಕಿತ್ಸೆ ನಡೆದದ್ದು ಪಾಲಿಸಿಯಲ್ಲಿ ಬರೆದಿರುವ 'ರೆಟ್ರೋಆ್ಯಕ್ಟಿವ್ ಡೇಟ್' (ಯಾವ ದಿನದಿಂದಾಚೆಗಿನ ಚಿಕಿತ್ಸೆಗೆ ರಕ್ಷಣೆ ಎಂಬ ದಿನಾಂಕ) ಆದಮೇಲೆಯೇ? ಪರಿಹಾರದ ಬೇಡಿಕೆ ಬಂದದ್ದು ಪಾಲಿಸಿ ಚಾಲ್ತಿಯಲ್ಲಿದ್ದಾಗಲೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಹಣ. ಇದಕ್ಕೆ 'ಕ್ಲೇಮ್ಸ್ ಮೇಡ್' ಎನ್ನುತ್ತಾರೆ. ನಿಮ್ಮ ವಿಷಯದಲ್ಲಿ ಆಪರೇಶನ್ ದಿನ ಪಾಲಿಸಿ ಇತ್ತು, ಪತ್ರ ಬಂದ ದಿನ ಇರಲಿಲ್ಲ. ಹಾಗಾಗಿ ನಾಲ್ಕು ವರ್ಷ ಕಟ್ಟಿದ ಪ್ರೀಮಿಯಂ ಈ ಪ್ರಕರಣದ ಮಟ್ಟಿಗೆ ಬಹುತೇಕ ಉಪಯೋಗಕ್ಕೆ ಬಾರದು. ಕೇಳಲು ಕಹಿಯಾದರೂ ಈಗಲೇ ತಿಳಿದಿರುವುದು ಒಳ್ಳೆಯದು.

'ಬಹುತೇಕ' ಎಂದದ್ದಕ್ಕೆ ಎರಡು ಕಾರಣಗಳಿವೆ. ಗಾಯ ಕೀವಾಗಿ ರೋಗಿ ನಿಮ್ಮಲ್ಲಿಗೆ ಮರಳಿ ಬಂದು ಅಸಮಾಧಾನ ತೋರಿಸಿದ್ದರೆ, ಆಗಿನ್ನೂ ಪಾಲಿಸಿ ಚಾಲ್ತಿಯಲ್ಲಿದ್ದರೆ, ಅದನ್ನು ಆಗಲೇ ಕಂಪನಿಗೆ ಲಿಖಿತವಾಗಿ ತಿಳಿಸಿದ್ದರೆ, ಮುಂದೆ ಬರುವ ದೂರನ್ನು ಆ ವರ್ಷದ ಪಾಲಿಸಿಗೆ ಸೇರಿಸಲು ಅನೇಕ ಪಾಲಿಸಿಗಳಲ್ಲಿ ಅವಕಾಶವಿದೆ. ಹಳೆಯ ಇಮೇಲ್ ಹುಡುಕಿ ನೋಡಿ. ಇನ್ನೊಂದು, ಅವಧಿ ಮುಗಿದ ಮೇಲೂ ಸ್ವಲ್ಪ ಕಾಲ ದೂರು ತಿಳಿಸಲು ಬಿಡುವ ಶರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತದೆ. 8 ತಿಂಗಳಿಗೆ ಅದು ನಿಲ್ಲುವುದು ಕಷ್ಟ, ಆದರೂ ಹಳೆಯ ಕಂಪನಿಗೆ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿ ಪಡೆಯಿರಿ. ಫೋನಿನಲ್ಲಿ ಏಜೆಂಟ್ 'ಆಗುವುದಿಲ್ಲ ಸರ್' ಅಂದದ್ದು ಉತ್ತರವಲ್ಲ.

ಹೊಸ ಪಾಲಿಸಿ ತೆಗೆದು ಈ ಪತ್ರವನ್ನು ಅದರಡಿ ಸೇರಿಸಬಹುದೆಂದು ಏಜೆಂಟರು ಸೂಚಿಸಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಪ್ರೊಪೋಸಲ್ ಫಾರ್ಮಿನಲ್ಲಿ (ಪಾಲಿಸಿಗೆ ಸಲ್ಲಿಸುವ ಅರ್ಜಿಯಲ್ಲಿ) 'ಮುಂದೆ ದೂರಾಗಬಹುದಾದ ಯಾವುದಾದರೂ ಸಂಗತಿ ನಿಮ್ಮ ಗಮನದಲ್ಲಿದೆಯೇ' ಎಂಬ ಪ್ರಶ್ನೆ ಇರುತ್ತದೆ. ಉತ್ತರ 'ಇದೆ', ಪತ್ರದ ಪ್ರತಿ ಲಗತ್ತಿಸಿ. ಕಂಪನಿ ಈ ಒಂದು ಪ್ರಕರಣವನ್ನು ಹೊರಗಿಟ್ಟು ಉಳಿದದ್ದಕ್ಕೆ ಪಾಲಿಸಿ ಕೊಡಬಹುದು. ಮುಚ್ಚಿಟ್ಟು ತೆಗೆದರೆ ಇದಕ್ಕೂ ಹಣ ಬರುವುದಿಲ್ಲ, ಮುಂದಿನ ವರ್ಷ ಬರುವ ಇನ್ನೊಂದು ದೂರಿಗೂ ಬರುವುದಿಲ್ಲ, ಪಾಲಿಸಿಯೇ ರದ್ದಾಗಬಹುದು.

ಅಗ್ಗದ 1 ಕೋಟಿಯ ಗುಟ್ಟು ಸಾಮಾನ್ಯವಾಗಿ ಮೂರು ಕಡೆ ಅಡಗಿರುತ್ತದೆ. ಒಂದು, ಅನುಪಾತ. ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬ ಲೆಕ್ಕ 1:1, 1:2, 1:3, 1:4 ಎಂದು ಬರೆದಿರುತ್ತದೆ. ವರ್ಷಕ್ಕೆ 1 ಕೋಟಿ, ಅನುಪಾತ 1:4 ಎಂದಿದ್ದರೆ ಒಂದು ಪ್ರಕರಣಕ್ಕೆ ಸಿಗುವುದು ಹೆಚ್ಚೆಂದರೆ 25 ಲಕ್ಷ. ವಕೀಲರ ಖರ್ಚೂ ಸಾಮಾನ್ಯವಾಗಿ ಅದೇ 25 ಲಕ್ಷದೊಳಗಿಂದಲೇ ಹೋಗುತ್ತದೆ. ವರ್ಷಕ್ಕೆ ನಾಲ್ಕು ಕೇಸು ಬೀಳುವ ಸಂಭವ ನಿಮ್ಮಂಥ ಸಣ್ಣ ಆಸ್ಪತ್ರೆಗೆ ಕಡಿಮೆ. ಬಿದ್ದ ಒಂದೇ ಕೇಸು ದೊಡ್ಡದಾಗಬಹುದು. ಆದ್ದರಿಂದ 1:1 ಕೇಳಿ. ಪ್ರೀಮಿಯಂ ಹೆಚ್ಚುತ್ತದೆ, ಹೆಚ್ಚಲಿ. ಎರಡು, ರೆಟ್ರೋಆ್ಯಕ್ಟಿವ್ ಡೇಟ್. ಹೊಸ ಕಂಪನಿ ಪಾಲಿಸಿ ಶುರುವಾದ ದಿನವನ್ನೇ ಅಲ್ಲಿ ಬರೆದರೆ ನಿಮ್ಮ ಹಿಂದಿನ ಎಲ್ಲ ಚಿಕಿತ್ಸೆಗಳೂ ಬಯಲಲ್ಲಿ ನಿಂತಂತೆ. ಹಳೆಯ ನಾಲ್ಕು ಪಾಲಿಸಿಗಳ ಪ್ರತಿ ತೋರಿಸಿ, ಮೊದಲ ಪಾಲಿಸಿಯ ದಿನಾಂಕವನ್ನೇ ಕೊಡುವಂತೆ ಚೌಕಾಸಿ ಮಾಡಿ. ನಡುವೆ ಬಿರುಕಿರುವುದರಿಂದ ಒಪ್ಪದಿರಬಹುದು, ಆದರೂ ಕೇಳದೆ ಬಿಡಬೇಡಿ. ಮೂರು, ಯಾರ ಹೆಸರಿನಲ್ಲಿದೆ ಎಂಬುದು. ನಿಮ್ಮೊಬ್ಬರ ಹೆಸರಿನ ವೈಯಕ್ತಿಕ ಪಾಲಿಸಿ ನಿಮ್ಮ ತಪ್ಪಿಗೆ ಮಾತ್ರ. ನರ್ಸಿಂಗ್ ಹೋಮಿನ ಮೇಲೆ, ನರ್ಸ್ ಮೇಲೆ, ಲ್ಯಾಬ್ ಟೆಕ್ನೀಶಿಯನ್ ಮೇಲೆ ಬರುವ ದೂರಿಗೆ ವೈದ್ಯಕೀಯ ಸಂಸ್ಥೆಗಳ ಪಾಲಿಸಿಯೇ ಬೇಕು. ಅರ್ಹತೆ ಇಲ್ಲದವರ ಕೈಯಿಂದ ಇಂಜೆಕ್ಷನ್ ಕೊಡಿಸಿದರೆ ಎರಡೂ ಕೈಹಿಡಿಯುವುದಿಲ್ಲ. ಕಾಸ್ಮೆಟಿಕ್ ಸರ್ಜರಿ, ತೂಕ ಇಳಿಸುವ ಚಿಕಿತ್ಸೆ, ಮದ್ಯ ಸೇವಿಸಿ ಮಾಡಿದ ಚಿಕಿತ್ಸೆ, ದಂಡದ ಹಣ ಮುಂತಾದವು ಸಾಮಾನ್ಯವಾಗಿ ಹೊರಗೇ ಇರುತ್ತವೆ.

ಮೊತ್ತ ಎಷ್ಟಿರಬೇಕು? ಮೋಟಾರು ಅಪಘಾತದ ಪರಿಹಾರ ಲೆಕ್ಕ ಹಾಕುವ ಕ್ರಮದಿಂದ ಒಂದು ಅಂದಾಜು ಸಿಗುತ್ತದೆ. 32 ವರ್ಷದವರು, ತಿಂಗಳ ಆದಾಯ 40,000, ಅವಲಂಬಿತರು ನಾಲ್ಕು ಮಂದಿ ಎಂದುಕೊಳ್ಳಿ. ವರ್ಷಕ್ಕೆ 4.8 ಲಕ್ಷ; ಅದರಲ್ಲಿ ಸ್ವಂತ ಖರ್ಚಿನ ಕಾಲು ಭಾಗ ಕಳೆದರೆ 3.6 ಲಕ್ಷ; ಆ ವಯಸ್ಸಿಗೆ ಗುಣಿಸಬೇಕಾದ ಸಂಖ್ಯೆ (ಗುಣಕ) 16. ಮೊತ್ತ 57.6 ಲಕ್ಷ. ಮುಂದಿನ ಆದಾಯದ ಏರಿಕೆ, ಆಸ್ಪತ್ರೆ ಖರ್ಚು, ಬಡ್ಡಿ ಇದರಲ್ಲಿ ಸೇರಿಲ್ಲ. ವೈದ್ಯಕೀಯ ನಿರ್ಲಕ್ಷ್ಯದಲ್ಲಿ ನ್ಯಾಯಾಲಯಗಳು ಈ ಸೂತ್ರಕ್ಕೇ ಕಟ್ಟುಬಿದ್ದಿಲ್ಲ: ಕೋಲ್ಕತ್ತಾದ ಆಸ್ಪತ್ರೆಯೊಂದರ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಸುಮಾರು 6 ಕೋಟಿ ಕೊಡಿಸಿತು, ಬಡ್ಡಿ ಸೇರಿ ಅದು 11 ಕೋಟಿ ದಾಟಿತು. ಪೆರ್ಲದ 10 ಹಾಸಿಗೆಗೆ ಅಷ್ಟು ಬೇಡ. ಆಪರೇಶನ್, ಹೆರಿಗೆ ನಡೆಯುವ ಜಾಗದಲ್ಲಿ ಒಂದು ಘಟನೆಗೆ 1 ಕೋಟಿ ಎಂಬುದು ಅತಿಯೂ ಅಲ್ಲ. ಐಎಂಎ (ಭಾರತೀಯ ವೈದ್ಯಕೀಯ ಸಂಘ) ಕೇರಳ ಘಟಕದ ವೃತ್ತಿ ರಕ್ಷಣಾ ಯೋಜನೆಯಲ್ಲಿ ಸದಸ್ಯರಾಗಿದ್ದರೆ ಅದರ ಕಾಗದವನ್ನೂ ತೆಗೆದು ನೋಡಿ. ಅದು ಸದಸ್ಯರೇ ಕೂಡಿ ನಡೆಸುವ ವ್ಯವಸ್ಥೆ, ವಿಮಾ ಪಾಲಿಸಿಯ ಶರತ್ತುಗಳೇ ಅಲ್ಲಿರಬೇಕೆಂದಿಲ್ಲ.

ಗಡಿಯಲ್ಲಿರುವವರು ವಿಶೇಷವಾಗಿ ತಿಳಿಯಬೇಕಾದ ಒಂದು ಮಾತು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಿಟ್ಲದವರು ಕಾಸರಗೋಡಿಗೆ ಬರಬೇಕಿಲ್ಲ; ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ನೀವು ಅಲ್ಲಿಗೆ ಹೋಗಬೇಕು. ಜಿಲ್ಲಾ ಆಯೋಗದ ವ್ಯಾಪ್ತಿ ನಿರ್ಧಾರವಾಗುವುದು ಕೇಳಿದ ಪರಿಹಾರದಿಂದಲ್ಲ, ಚಿಕಿತ್ಸೆಗೆ ಕೊಟ್ಟ ಹಣದಿಂದ. 2021ರ ನಿಯಮದಂತೆ 50 ಲಕ್ಷದವರೆಗೂ ಜಿಲ್ಲೆಯೇ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಸಾಮಾನ್ಯವಾಗಿ 2 ವರ್ಷದೊಳಗೆ ದೂರು ಕೊಡಬೇಕು. ನಿಮ್ಮ ರೋಗಿಗೆ ಇನ್ನೂ ಸಮಯವಿದೆ. ಆಯೋಗದ ನೋಟಿಸು ಬಂದರೆ ಲಿಖಿತ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಆ 45 ದಿನ ದಾಟಿದರೆ ಉತ್ತರ ಸ್ವೀಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತವಾಗಿ ಹೇಳಿದೆ. ನೋಟಿಸು ಬಂದ ದಿನವೇ ಲಕೋಟೆಯ ಮೇಲೆ ದಿನಾಂಕ ಬರೆದಿಡಿ. ಸೋತು ಮೇಲ್ಮನವಿಗೆ ಹೋಗಬೇಕಾದರೆ ಅವಧಿ 45 ದಿನ, ಆದೇಶದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಆ ಠೇವಣಿಯನ್ನು ಕಂಪನಿ ಇಡುತ್ತದೆಯೇ ಎಂದು ಹೊಸ ಪಾಲಿಸಿ ಕೊಳ್ಳುವಾಗಲೇ ಕೇಳಿ.

ಇದೇ ಗಡಿಯ ಇನ್ನೊಂದು ತೊಡಕು ನಿಮ್ಮ ಶನಿವಾರದ ಸರ್ಜನ್. ಮಂಗಳೂರಿನವರ ನೋಂದಣಿ ಕರ್ನಾಟಕ ವೈದ್ಯಕೀಯ ಕೌನ್ಸಿಲಿನಲ್ಲಿ ಇರುತ್ತದೆ. ಕೇರಳದಲ್ಲಿ ಪ್ರಾಕ್ಟೀಸ್ ಮಾಡಲು ಕೇರಳ ಕೌನ್ಸಿಲಿನ ನೋಂದಣಿ ಬೇಕು. 'ಕಾನೂನುಬದ್ಧವಾಗಿ ನೋಂದಾಯಿತ ವೈದ್ಯ' ಎಂಬುದು ಇಂಡೆಮ್ನಿಟಿ ಪಾಲಿಸಿಯ ಅಡಿಗಲ್ಲು. ಅಲ್ಲಿ ಸಡಿಲವಿದ್ದರೆ ಕಂಪನಿಯ ವಕೀಲರು ಮೊದಲು ಹಿಡಿಯುವುದು ಅದನ್ನೇ. ಅವರ ಕೇರಳ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ಪಾಲಿಸಿ, ಎರಡರ ಪ್ರತಿಯೂ ನಿಮ್ಮ ಕಡತದಲ್ಲಿರಲಿ, ವರ್ಷಕ್ಕೊಮ್ಮೆ ಹೊಸ ಪ್ರತಿ ಬರಲಿ. ಈಗ ಬಂದಿರುವ ಪತ್ರವನ್ನು ಅವರಿಗೂ ಇಂದೇ ಕಳಿಸಿ, ಅವರು ತಮ್ಮ ಕಂಪನಿಗೆ ತಿಳಿಸಲಿ. ಹಾಗೆಂದು 'ಆಪರೇಶನ್ ಮಾಡಿದ್ದು ಅವರು, ನಾವು ಜಾಗ ಕೊಟ್ಟವರು' ಎಂದು ಕೂರುವ ಹಾಗಿಲ್ಲ. ಹೊರಗಿನಿಂದ ಬಂದ ವೈದ್ಯರ ತಪ್ಪಿಗೂ ಆಸ್ಪತ್ರೆ ಹೊಣೆ ಎಂಬುದು 2004ರ ಸವಿತಾ ಗಾರ್ಗ್ ಪ್ರಕರಣದಿಂದ ಸ್ಪಷ್ಟವಾಗಿದೆ.

ಒಪ್ಪಿಗೆ ಪತ್ರದ ಬಗ್ಗೆ ನೀವು ಕೇಳಲಿಲ್ಲ, ಆದರೆ ನಮ್ಮ ಕಡೆಯ ಅತಿ ದೊಡ್ಡ ದೌರ್ಬಲ್ಯ ಅಲ್ಲೇ ಇದೆ. ಅಚ್ಚು ಹಾಕಿಸಿದ ಫಾರ್ಮು ಮಲೆಯಾಳ ಮತ್ತು ಇಂಗ್ಲಿಷಿನಲ್ಲಿರುತ್ತದೆ; ಸಹಿ ಹಾಕುವವರು ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಬ್ಯಾರಿಯೋ ಮಾತಾಡುವವರು, ಓದಲು ಬರುವುದು ಕನ್ನಡ; ವಿವರಿಸುವ ನರ್ಸ್‌ಗೆ ಮಲೆಯಾಳ ಬಿಟ್ಟು ಬೇರೆ ಬಾರದು. ಆ ಸಹಿಗೆ ಏನು ಬೆಲೆ? 2008ರ ಸಮೀರಾ ಕೋಹ್ಲಿ ತೀರ್ಪಿನ ಪ್ರಕಾರ ಒಪ್ಪಿಗೆ ಎಂದರೆ ಏನು ಮಾಡುತ್ತಾರೆ, ಏಕೆ, ಬೇರೆ ದಾರಿಯುಂಟೇ, ಅಪಾಯವೇನು ಎಂಬುದನ್ನು ತಿಳಿದು ಕೊಟ್ಟದ್ದು. ಕನ್ನಡದಲ್ಲೂ ಫಾರ್ಮು ಮಾಡಿಸಿ. ಹರ್ನಿಯಾ ಎಂದಾದರೆ ಸೋಂಕು, ರಕ್ತಸ್ರಾವ, ಮರಳಿ ಬರುವ ಸಂಭವ, ಬಹುಕಾಲದ ನೋವು, ಒಳಗೆ ಹೊಲಿದ ಬಲೆ (ಮೆಶ್) ತೆಗೆಯಬೇಕಾಗಬಹುದೆಂಬುದು, ಇವು ಹೆಸರಿಸಿಯೇ ಇರಲಿ. 'ಎಲ್ಲ ಅಪಾಯಗಳನ್ನು ತಿಳಿಸಲಾಗಿದೆ' ಎಂಬ ಒಂದೇ ಸಾಲು ಸಾಲದು. ಕೆಳಗೆ ಕೈಬರಹದಲ್ಲಿ 'ರೋಗಿಗೆ ತುಳುವಿನಲ್ಲಿ ವಿವರಿಸಿದವರು ಇಂಥವರು, ಇಷ್ಟು ಗಂಟೆಗೆ' ಎಂದು ಬರೆದು, ವಿವರಿಸಿದವರ ಸಹಿಯನ್ನೂ ಮನೆಯವರೊಬ್ಬರ ಸಾಕ್ಷಿ ಸಹಿಯನ್ನೂ ಹಾಕಿಸಿ. ಆಪರೇಶನ್ ಮೇಜಿನ ಮೇಲೆ ಮಲಗಿದವರಿಂದ ಸಹಿ ಪಡೆಯಬೇಡಿ. ಡಿಸ್ಚಾರ್ಜಿನಲ್ಲಿ 'ಜ್ವರ, ಕೆಂಪು, ಕೀವು ಕಂಡರೆ ಕೂಡಲೇ ಬನ್ನಿ' ಎಂಬ ಸೂಚನೆಯೂ ಅವರು ಓದಬಲ್ಲ ಲಿಪಿಯಲ್ಲಿರಲಿ. ಈ ಪ್ರಕರಣದಲ್ಲಿ ಆ ಚೀಟಿ ಕನ್ನಡದಲ್ಲಿತ್ತೇ ಎಂಬುದನ್ನು ಕಡತದಲ್ಲಿ ನೋಡಿ, ಮಂಗಳೂರಿನ ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದಾಗಿರುತ್ತದೆ.

ಪೊಲೀಸ್ ಕೇಸಿನ ಭಯ ನಿಮಗಿದ್ದರೆ: ರೋಗಿ ಬದುಕಿದ್ದು, ಸೋಂಕು ತಗಲಿದ ಪ್ರಕರಣಗಳು ಸಾಮಾನ್ಯವಾಗಿ ಪರಿಹಾರದ ವ್ಯಾಜ್ಯವಾಗಿಯೇ ಉಳಿಯುತ್ತವೆ. ಕ್ರಿಮಿನಲ್ ಹೊಣೆಗೆ ತೀವ್ರ ನಿರ್ಲಕ್ಷ್ಯ ಬೇಕು, ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ.

ಇನ್ನು ಸಿಬ್ಬಂದಿ. 13 ಮಂದಿ ಇರುವುದರಿಂದ ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ, ಕನಿಷ್ಠ ಮಿತಿ 10 ಮಂದಿ. ತಿಂಗಳ ಸಂಬಳ 21,000ದವರೆಗಿನವರು ಅದರೊಳಗೆ ಬರುತ್ತಾರೆ, ನಿಮ್ಮ ಪಾಲು ಶೇಕಡಾ 3.25, ಅವರದ್ದು 0.75. ಅದಕ್ಕಿಂತ ಹೆಚ್ಚು ಸಂಬಳದ ಹಿರಿಯ ನರ್ಸ್, ಟೆಕ್ನೀಶಿಯನ್‌ಗಳಿಗೆ ಉದ್ಯೋಗಿ ಪರಿಹಾರದ ಪಾಲಿಸಿ ಬೇರೆ ಮಾಡಿಸಬೇಕು. ಅದರಲ್ಲಿ ವೃತ್ತಿಯಿಂದ ಬರುವ ರೋಗಗಳೂ ವೈದ್ಯಕೀಯ ಖರ್ಚೂ ಸೇರಿವೆಯೇ ನೋಡಿ. ಆಸ್ಪತ್ರೆ, ಲ್ಯಾಬ್ ಕೆಲಸದಿಂದ ತಗಲುವ ಸೋಂಕು ಕಾನೂನಿನ ಪಟ್ಟಿಯಲ್ಲೇ ಇರುವ ವೃತ್ತಿರೋಗ. ನೀವಿಬ್ಬರು ಮಾಲೀಕರು ಇವೆರಡರಲ್ಲೂ ಬರುವುದಿಲ್ಲ. ಸ್ವಂತ ಅಪಘಾತ ವಿಮೆ, ಆರೋಗ್ಯ ವಿಮೆ ನೀವೇ ನೋಡಿಕೊಳ್ಳಬೇಕು.

ಸೂಜಿ ಚುಚ್ಚಿದಾಗ ಹಣಕ್ಕಿಂತ ಗಡಿಯಾರ ಮುಖ್ಯ. ಸೋಂಕಿರುವ ರೋಗಿಯ ಸೂಜಿಯಿಂದ ಲಸಿಕೆಯಿಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇಕಡಾ 6ರಿಂದ 30, ಹೆಪಟೈಟಿಸ್ ಸಿ ಸುಮಾರು 1.8, ಎಚ್‌ಐವಿ ಸುಮಾರು 0.3. ಎಲ್ಲರೂ ಹೆದರುವುದು ಕೊನೆಯದಕ್ಕೆ; ಹೆದರಬೇಕಾದದ್ದು ಮೊದಲನೆಯದಕ್ಕೆ, ಅದಕ್ಕೇ ಲಸಿಕೆಯೂ ಇರುವುದು. ಚುಚ್ಚಿದ ಜಾಗವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು, ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬಾರದು, ಬ್ಲೀಚ್ ಸುರಿಯಬಾರದು. ಎಚ್‌ಐವಿ ತಡೆಯ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಅತ್ಯುತ್ತಮ, 72 ಗಂಟೆ ಕೊನೆಯ ಗಡು, ಒಟ್ಟು 28 ದಿನ. ಮಾತ್ರೆ ಸಿಗುವ ಸರಕಾರಿ ಆಸ್ಪತ್ರೆ ಯಾವುದು, ರಾತ್ರಿ ಯಾರನ್ನು ಕೇಳಬೇಕು ಎಂಬುದನ್ನು ಇಂದೇ ವಿಚಾರಿಸಿ ಡ್ಯೂಟಿ ಕೋಣೆಯ ಗೋಡೆಗೆ ಅಂಟಿಸಿ. ರಾತ್ರಿ 11ಕ್ಕೆ ಪೆರ್ಲದಿಂದ ಹುಡುಕಲು ಹೊರಟರೆ ಆ 2 ಗಂಟೆ ದಾರಿಯಲ್ಲೇ ಮುಗಿಯುತ್ತದೆ. ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ ಮೂರು ಡೋಸ್. ಕೊನೆಯ ಡೋಸ್ ಆಗಿ 1–2 ತಿಂಗಳಿಗೆ ಪ್ರತಿಕಾಯದ ಮಟ್ಟ ಪರೀಕ್ಷಿಸಿ, 10 mIU/ml ಅಥವಾ ಹೆಚ್ಚಿದ್ದರೆ ರಕ್ಷಣೆಯುಂಟು. ಈ ಪರೀಕ್ಷೆಯನ್ನು ಹೆಚ್ಚಿನವರು ಮಾಡಿಸುವುದೇ ಇಲ್ಲ. ಲಸಿಕೆ, ಪರೀಕ್ಷೆಯ ಖರ್ಚು ಆಸ್ಪತ್ರೆಯದ್ದೇ ಆಗಿರಲಿ, ಕಸ ಎತ್ತುವ ಹೆಂಗಸಿಗೂ. ಬಳಸಿದ ಸೂಜಿಗೆ ಮರಳಿ ಮುಚ್ಚಳ ಹಾಕುವ ಅಭ್ಯಾಸ ನಿಲ್ಲಿಸಿದರೆ ಅಪಾಯ ಅಲ್ಲೇ ಸಾಕಷ್ಟು ಇಳಿಯುತ್ತದೆ. ಚುಚ್ಚಿದ ದಿನವೇ ರಿಜಿಸ್ಟರಿನಲ್ಲಿ ಬರೆದು ಸಿಬ್ಬಂದಿಯ ರಕ್ತ ಪರೀಕ್ಷೆ ಮಾಡಿಸಿ: ಆ ದಿನ ಸೋಂಕು ಇರಲಿಲ್ಲ ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ, ಆರು ತಿಂಗಳ ಮೇಲೆ ಪರಿಹಾರ ಕೇಳುವಾಗ ಚುಚ್ಚಿಸಿಕೊಂಡವರ ಕೈಯಲ್ಲಿ ಏನೂ ಇರುವುದಿಲ್ಲ.

ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರೆ ಮಾಡಿ 48 ಗಂಟೆಯೊಳಗೆ ಅಧಿಕೃತ ಸಂಸ್ಥೆಗೆ ಕೊಡುವುದು ನಿಮಗೆ ಗೊತ್ತು. ಕೊಟ್ಟ ರಶೀದಿ ಉಳಿಸಿಕೊಳ್ಳಿ ಎಂಬುದಷ್ಟೇ ನನ್ನ ಮಾತು. ಕೇರಳದ ಆಸ್ಪತ್ರೆಗಳ ಕಸ 2024ರ ಡಿಸೆಂಬರಿನಲ್ಲಿ ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಸುರಿದದ್ದು ಪತ್ತೆಯಾದಾಗ ಹಸಿರು ನ್ಯಾಯಮಂಡಳಿ ಮಧ್ಯೆ ಬಂದು ಅದನ್ನು ತೆಗೆಸಬೇಕಾಯಿತು. ಮಾಲಿನ್ಯದ ಹೊಣೆ ಸಾಮಾನ್ಯ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಕಟ್ಟಡ, ಉಪಕರಣಗಳಿಗೆ ಅಗ್ನಿ ವಿಮೆ ಇದ್ದರೂ, ವೋಲ್ಟೇಜ್ ಏರಿಳಿತದಿಂದ ಯಂತ್ರದೊಳಗೇ ಸುಟ್ಟುಹೋದ ಬೋರ್ಡಿಗೆ ಅದರಲ್ಲಿ ಹಣ ಬಾರದು. ಅಕ್ಟೋಬರ್–ನವೆಂಬರಿನ ಸಿಡಿಲು ಕಂಡ ಊರಿನವರಿಗೆ ಇದು ಸಣ್ಣ ವಿಷಯವಲ್ಲ. ಲ್ಯಾಬಿನ ಅನಲೈಸರ್, ಸ್ಕ್ಯಾನಿಂಗ್ ಯಂತ್ರಗಳಿಗೆ ಎಲೆಕ್ಟ್ರಾನಿಕ್ ಉಪಕರಣ ವಿಮೆ ಬೇರೆ ಇದೆ. ಇಂದು ಹೊಸದು ಕೊಳ್ಳಲು ಎಷ್ಟು ಬೇಕೋ ಅಷ್ಟಕ್ಕೇ ಮಾಡಿಸಿ. 40 ಲಕ್ಷದ ಯಂತ್ರಕ್ಕೆ 20 ಲಕ್ಷ ಬರೆದರೆ 4 ಲಕ್ಷದ ನಷ್ಟಕ್ಕೂ 2 ಲಕ್ಷವೇ ಸಿಗುವುದು.

ಗಲಾಟೆಯ ಮಾತು. ಕೇರಳದ ಆಸ್ಪತ್ರೆ ರಕ್ಷಣಾ ಕಾಯ್ದೆ 2012ರದ್ದು. ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ 2023ರ ಮೇ 10ರಂದು ಡಾ. ವಂದನಾ ದಾಸ್ ಕೊಲೆಯಾದ ಬಳಿಕ ಅದನ್ನು ಬಿಗಿ ಮಾಡಿದರು. ಈಗ ಹಿಂಸೆಗೆ 6 ತಿಂಗಳಿಂದ 5 ವರ್ಷ, ತೀವ್ರ ಗಾಯವಾದರೆ 1ರಿಂದ 7 ವರ್ಷ ಜೈಲು; ತನಿಖೆ ನಡೆಸುವವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರಬಾರದು. ಠಾಣೆಗೆ ಹೋಗುವಾಗ ಈ ಕಾಯ್ದೆಯ ಹೆಸರನ್ನೇ ದೂರಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಸಾಮಾನ್ಯ ಜಗಳವಾಗಿ ದಾಖಲಾದೀತು. ಗಾಜು, ಯಂತ್ರ ಒಡೆದದ್ದಕ್ಕೆ ಹಣ ಬರಬೇಕಾದರೆ ನಿಮ್ಮ ಅಗ್ನಿ ವಿಮೆಯಲ್ಲಿ ದೊಂಬಿ, ಮುಷ್ಕರ, ಉದ್ದೇಶಪೂರ್ವಕ ಹಾನಿಯ ರಕ್ಷಣೆ ಸೇರಿರಬೇಕು. ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವ ಮುಂಚೆ ಗುಡಿಸಿ ಹಾಕಬೇಡಿ. ತುರ್ತು ಕೋಣೆ ಬೇಕೇ ಬೇಕೆಂದಾದರೆ ಪ್ರತಿ ಮೂಲೆಯ ಫೋಟೋ ತೆಗೆದು ಆಮೇಲೆ ಗುಡಿಸಿ. ಸಿಸಿಟಿವಿಯ ಹಳೆಯ ದೃಶ್ಯ ಕೆಲವು ವಾರಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಆದ್ದರಿಂದ ಅದೇ ರಾತ್ರಿ ಎರಡು ಪೆನ್‌ಡ್ರೈವ್‌ಗಳಿಗೆ ಹಾಕಿ, ಒಂದನ್ನು ಪೊಲೀಸರಿಗೆ ರಶೀದಿ ಪಡೆದು ಕೊಡಿ, ಇನ್ನೊಂದು ನಿಮ್ಮ ಬಳಿಯೇ ಇರಲಿ.